ಗಟ್ಟಿಯಾಗಿ ಓದಿದ ಅರ್ಜಿ

ಮ್ಯಾನೇಜರ್ ಮೇಡಂ ನೀರುಗಂಟಿಯನ್ನು ನಡುಬೀದಿಯಲ್ಲಿ "ಲೋ" ಎಂದು ಕರೆದದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ.

ನೀರು ಸರಬರಾಜು ಆಫೀಸಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿಗೆ ಅದು ನೆಟ್ಟಗೆ ಎದೆಗೇ ತಾಕಿತು. ಬೀದಿ ಬೀದಿಯ ವಾಲ್ವ್ ತಿರುಗಿಸಿ ಮನೆಗಳಿಗೆ ನೀರು ಬಿಡುವ ಅವನನ್ನು ಊರೆಲ್ಲ ನೀರುಗಂಟಿ ಎನ್ನುತ್ತಿತ್ತು. ಅವಳು ಮಾತ್ರ ಮೊದಲ ದಿನದಿಂದಲೂ "ನೀವು" ಎನ್ನುತ್ತಿದ್ದಳು. ಪ್ರೀತಿ ಹೆಚ್ಚಿದಷ್ಟೂ ಮರ್ಯಾದೆ ಹೆಚ್ಚುವ ಕಾಯಿಲೆ ಅವಳದು. ಸೀದಾ "ಲೋ" ಎನ್ನುವುದಕ್ಕೆ ಈ ಮೇಡಂ ಯಾರು? ಅವನಾದರೂ ಹಾಗೆ ಹಲ್ಲು ಕಿರಿಯಬೇಕೆ?

"ಕಾಲೇಜಲ್ಲಿ ಇಬ್ರೂ ಒಂದೇ ಕ್ಲಾಸಂತೆ," ಎಂದಳು ಚಿಕ್ಕಮ್ಮ, ಲ್ಯಾಮಿನೇಶನ್ ಮೆಷಿನ್ನಿಗೆ ಕಾಗದ ತೂರಿಸುತ್ತ. ಹುಡುಗಿಯನ್ನು ಸಾಕಿ ಬೆಳೆಸಿದವಳೂ ಅವಳೇ, ಅಂಗಡಿಯ ಒಡತಿಯೂ ಅವಳೇ. "ಡಿಗ್ರಿ ಮಾಡಿದ ಹುಡುಗ, ಪಾಪ, ವಾಲ್ವ್ ತಿರುಗಿಸ್ಕೊಂಡಿದಾನೆ. ಈಗ ಪರ್ಮನೆಂಟ್ ಪೋಸ್ಟ್ ಕರೆದಿದಾರಲ್ಲ, ಮೇಡಂ ಸೆಕ್ಷನ್‌ಗೇ ಹೋಗ್ತಾನೆ ಬಿಡು."

"ಹೋಗ್ಲಿ," ಎಂದಳು ಹುಡುಗಿ. ಕೀಬೋರ್ಡಿನ ಮೇಲೆ ಬೆರಳು ಸ್ವಲ್ಪ ಜೋರಾಗಿಯೇ ಬಿದ್ದವು.

ಮಧ್ಯಾಹ್ನ ಅವನೇ ಬಂದ, ಕೈಯಲ್ಲಿ ಅರ್ಜಿಯ ವಿವರ ಬರೆದ ಬಿಳಿ ಹಾಳೆ. ಆ ಅಂಗಡಿಯಲ್ಲೊಂದು ಕಾನೂನಿತ್ತು. ಗಿರಾಕಿ ಬರೆದು ತಂದದ್ದನ್ನು ಹುಡುಗಿ ಸಾಲು ಸಾಲಾಗಿ ಗಟ್ಟಿಯಾಗಿ ಓದಬೇಕು, ಅವರು "ಹೌದು" ಎನ್ನಬೇಕು, ಆಮೇಲೆ ಟೈಪ್. ಹಿಂದೊಮ್ಮೆ ಮೀಸೆ ಹೊತ್ತ ಗಂಡಸೊಬ್ಬ ಅರ್ಜಿಯಲ್ಲಿ ಹೆಂಗಸಾಗಿ ಹೋದ ಮೇಲೆ ಚಿಕ್ಕಮ್ಮ ಮಾಡಿದ ಕಾನೂನು ಅದು.

"ಇವತ್ತೊಂದಿನ ಮನಸ್ಸಲ್ಲೇ ಓದ್ಕೊಳ್ತೀರಾ?" ಎಂದ ಅವನು, ಮೆಲ್ಲಗೆ.

ಅವಳು ತಲೆ ಎತ್ತಿದಳು. ಅವನ ಕಿವಿಯ ತುದಿ ಕೆಂಪಾಗಿತ್ತು. ಕಣ್ಣು ಅವಳ ಮೇಲೊಮ್ಮೆ ನಿಂತು, ಚಿಕ್ಕಮ್ಮನ ಕಡೆಗೆ ಹೋಗಿ, ಬಾಗಿಲಿಗೆ ಹೊರಳಿತು. ಬಾಗಿಲಲ್ಲಿ ಮೇಡಂ. ಯಾವುದೋ ಫೈಲು ಜೆರಾಕ್ಸ್ ಮಾಡಿಸಲು ಬಂದಿದ್ದಳಂತೆ. ಆಫೀಸಿನೊಳಗೆ ಜೆರಾಕ್ಸ್ ಮೆಷಿನ್ ಇಲ್ಲವೇ?

"ನಾಲ್ಕು ಜನರ ಮುಂದೆ ಹೇಳಬಾರದ್ದು ಏನಿದೆ ಇದ್ರಲ್ಲಿ?" ಎಂದಳು ಹುಡುಗಿ.

"ಇದೆ."

ಆ ಒಂದು ಮಾತು ಉರಿಗೆ ಎಣ್ಣೆ ಸುರಿಯಿತು. ಇಬ್ಬರೂ ಗುಟ್ಟಾಗಿ ಮದುವೆಯೇ ಆಗಿಬಿಟ್ಟಿದ್ದಾರೋ ಏನೋ. ಆಗಿದ್ದರೆ ಆಗಿರಲಿ, ಬೀದಿಗೆಲ್ಲ ಗೊತ್ತಾಗಲಿ ಎಂದುಕೊಂಡು ಎಂದಿಗಿಂತ ಎತ್ತರದ ದನಿಯಲ್ಲಿ ಓದತೊಡಗಿದಳು.

"ವೈವಾಹಿಕ ಸ್ಥಿತಿ, ಅವಿವಾಹಿತ."

"ಹೌದು."

ಅರ್ಧ ಉಸಿರು ಇಳಿಯಿತು. ಏರಿದ ದನಿ ಮಾತ್ರ ಇಳಿಯಲಿಲ್ಲ.

"ವಿದ್ಯಾರ್ಹತೆ, ಪಿಯುಸಿ ಪಾಸ್. ಪದವಿ, ಕೊನೆಯ ವರ್ಷದವರೆಗೆ ಓದಿದೆ, ಪೂರ್ಣಗೊಳಿಸಿಲ್ಲ."

ಚಿಕ್ಕಮ್ಮನ ಕೈ ನಿಂತಿತು. ತಾನು ಓದಿದ್ದೇನೆಂದು ಹುಡುಗಿಗೆ ತಿಳಿದದ್ದೂ ಆಗಲೇ.

"ಹೌದು," ಎಂದ ಅವನು, ಅವಳನ್ನೇ ನೋಡುತ್ತ.

"ಲೋ, ಡಿಗ್ರಿ ಮುಗಿಸಿಲ್ವಾ ನೀನು?" ಮೇಡಂ ಒಳಗೆ ಬಂದಳು. "ಮೇಲಿನ ಪೋಸ್ಟಿಗೆ ಹಾಕು ಅಂತ ಇಷ್ಟು ದಿನ ಬಡ್ಕೊಂಡೆನಲ್ಲೋ."

"ಅಕೌಂಟ್ಸ್ ಪೇಪರ್ ಎರಡು ಸಲ ಹೋಯ್ತು. ಮತ್ತೆ ಕೂರೋಕೆ ನಾಚಿಕೆ ಆಯ್ತು."

ಮೇಡಂ ದನಿ ತಗ್ಗಿಸಿದಳು. "ಮುಗಿದಿದೆ ಅಂತಲೇ ಹಾಕು. ಮುಂದಿನ ಸಲ ಬರೆದು ಪಾಸ್ ಮಾಡ್ಕೊಂಡ್ರಾಯ್ತು. ಅಲ್ಲೀತನಕ ಯಾರು ಕೇಳ್ತಾರೆ?"

"ಬೇಡ. ಕೆಳಗಿನ ಪೋಸ್ಟಿಗೆ ಪಿಯುಸಿ ಸಾಕು. ಸುಳ್ಳು ಬರೆದು ಕುರ್ಚೀಲಿ ಕೂತ್ರೆ, ಯಾರು ಬಾಗಿಲು ತಟ್ಟಿದ್ರೂ ಎದೆ ಹೊಡ್ಕೊಳ್ಳುತ್ತೆ."

"ನಿನಗೇಂತ ಪಕ್ಕದ ಟೇಬಲ್ ಖಾಲಿ ಇಡಿಸಿದ್ದೆ ಕಣೋ," ಎಂದು ಮೇಡಂ ನಕ್ಕಳು. ನಗು ತುಟಿಯಲ್ಲೇ ಉಳಿಯಿತು. ಹುಡುಗಿಯ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿದ್ದ ಉರಿಯನ್ನು ಹುಡುಗಿ ಚೆನ್ನಾಗಿ ಬಲ್ಲಳು. ಬೆಳಗಿನಿಂದ ಅದೇ ಉರಿಯಲ್ಲಿ ಬೇಯುತ್ತಿದ್ದಳಲ್ಲ. ಮೇಡಂ ಜೆರಾಕ್ಸ್ ಮಾಡಿಸದೆಯೇ ಹೊರಟುಹೋದಳು. ಹುಡುಗಿಗೆ ಅಯ್ಯೋ ಎನ್ನಿಸಿತು, ಅರೆಕ್ಷಣ ಮಾತ್ರ. ಅದಕ್ಕಿಂತ ಹೆಚ್ಚು ಮರುಗುವಷ್ಟು ಸಂತಳಲ್ಲ ಅವಳು.

"ನನ್ನಿಂದ ನಿಮ್ಮ ಮರ್ಯಾದೆ ಹೋಯ್ತು," ಎಂದಳು.

"ನಾನು ಹೆದರಿದ್ದು ಮೇಡಂಗಲ್ಲ." ಅವನು ಚಿಕ್ಕಮ್ಮನತ್ತ ಕಣ್ಣು ಹಾಯಿಸಿ ಇನ್ನೂ ಮೆಲ್ಲಗೆ ಹೇಳಿದ. "ನಮ್ಮ ಹುಡುಗಿಗೆ ಡಿಗ್ರಿ ಆದ ಗಂಡೇ ಆಗ್ಬೇಕು ಅಂತ ಅವರು ಯಾರಿಗೋ ಹೇಳ್ತಿದ್ರು. ನನಗೂ ಡಿಗ್ರಿ ಆಗಿದೆ ಅಂತ ಅವರೇ ಅಂದ್ಕೊಂಡಿದ್ರು. ನಾನು ಬಾಯಿ ಬಿಡ್ಲಿಲ್ಲ. ಅರ್ಜೀಲಿ ನಿಜ ಬರೆಯೋಕೆ ಧೈರ್ಯ ಇತ್ತು, ಇಲ್ಲಿ ಹೇಳೋಕೆ ಇರ್ಲಿಲ್ಲ."

ಅವಳಿಗೆ ಸಂತೋಷವೋ ನಾಚಿಕೆಯೋ, ಎರಡೂ ಇದ್ದವು.

"ನನಗೆ ಹೊಟ್ಟೆಕಿಚ್ಚು," ಎಂದಳು ಕೊನೆಗೆ. "ಬೆಳಿಗ್ಗೆ ಅವರು ಕರೆದಾಗ ನೀವು ಅಷ್ಟಗಲ ನಕ್ಕಿದ್ದು ನೋಡಿ ಮೈಯೆಲ್ಲ ಉರಿದುಹೋಯ್ತು."

"ನಕ್ಕಿದ್ದು ನಿಜ. ಅವರ ಹಿಂದೆ ಅಂಗಡಿ ಗಾಜಲ್ಲಿ ನಿಮ್ಮ ಮುಖ ಕಾಣ್ತಿತ್ತು. ಅಷ್ಟು ಚೆನ್ನಾಗಿ ನನ್ನ ಮೇಲೆ ಇದುವರೆಗೂ ಯಾರೂ ಸಿಟ್ಟು ಮಾಡ್ಕೊಂಡಿರ್ಲಿಲ್ಲ."

ಅವಳು ಪರದೆಯತ್ತ ತಿರುಗಿ, ಪೂರ್ಣಗೊಳಿಸಿಲ್ಲ ಎಂಬುದನ್ನೂ ಬಿಡದೆ ಟೈಪ್ ಮಾಡಿ ಅರ್ಜಿ ಕಳಿಸಿದಳು. ಕೆನ್ನೆಯ ಬಿಸಿ ಮಾತ್ರ ಆರಲಿಲ್ಲ.

"ನಾಳೆ ಬರ್ಲಾ?" ಎಂದ ಅವನು.

"ಅರ್ಜಿ ಹೋಯ್ತಲ್ಲ, ಇನ್ನೇನು ಕೆಲಸ?"

"ನಿಮ್ಮ ಚಿಕ್ಕಮ್ಮನ್ನ ಒಂದು ಮಾತು ಕೇಳ್ಬೇಕಿತ್ತು."

"ನಾನೇನು ಪರದೇಶದಲ್ಲಿದೀನಾ?" ಎಂದಳು ಚಿಕ್ಕಮ್ಮ ಅಲ್ಲಿಂದಲೇ. "ಈಗಲೇ ಕೇಳಪ್ಪ."

ಫೇಲಾದ ಸುದ್ದಿಯನ್ನು ಎಲ್ಲರೆದುರು ಹೇಳಿದವನಿಗೆ ಈಗ ಒಂದಕ್ಷರ ಹೊರಡಲೊಲ್ಲದು. ಹುಡುಗಿಯೇ ಎದ್ದು ನಿಂತಳು.

"ಡಿಗ್ರಿ ಇಲ್ಲ ಚಿಕ್ಕಮ್ಮ. ಇನ್ಯಾವ ಮೇಡಮ್ಮೋ ಇನ್ನೊಂದು ಟೇಬಲ್ ಖಾಲಿ ಇಡಿಸೋಕೆ ಮುಂಚೆ ಹೂಂ ಅಂದ್ಬಿಡು."

ಚಿಕ್ಕಮ್ಮ ಅವಳನ್ನು ಬಿಟ್ಟು ಅವನನ್ನೇ ದಿಟ್ಟಿಸಿದಳು. "ಆ ಪೇಪರ್ ಪಾಸ್ ಮಾಡ್ತೀನಿ ಅಂತ ಮಾತು ಕೊಡ್ತೀಯೇನಪ್ಪ?"

ಹೌದು ಅನ್ನಿ, ಹೌದು ಅನ್ನಿ ಎಂದು ಹುಡುಗಿ ಕಣ್ಣಲ್ಲೇ ಬೇಡಿಕೊಂಡಳು. ಅವನು ಅದನ್ನು ನೋಡಿದ.

"ಬರೀತೀನಿ ಆಂಟಿ. ಪಾಸಾಗ್ತೀನಿ ಅಂತ ಮಾತ್ರ ಮಾತು ಕೊಡಲಾರೆ."

ಚಿಕ್ಕಮ್ಮ ಲ್ಯಾಮಿನೇಶನ್ ಮೆಷಿನ್ ಆಫ್ ಮಾಡಿದಳು. ಆಮೇಲೆ, "ಅವಳಿಗೆ ಹೊಟ್ಟೆಕಿಚ್ಚು ಜಾಸ್ತಿ," ಎಂದಳು. "ನಿನ್ನಂಥ ಸುಳ್ಳು ಹೇಳೋಕೆ ಬರದವನ ಕೈಗೆ ಕೊಟ್ರೇನೇ ನೆಮ್ಮದಿಯಾಗಿ ಇರ್ತಾಳೆ. ಕೊಟ್ಟೆ ಹೋಗು."