ದಣಿದ ಅಕ್ಕನಿಗೊಂದು ಜೊತೆ

"ಈ ಕೂಸಿಗೆ ಕಿವಿ ಕೇಳಂಗಿಲ್ಲ. ಇಂಥವರಿಗೆ ಕಲಿಸಾಕ ನನಗ ಬರಂಗಿಲ್ರಿ."

ತುರ್ವಿಹಾಳದ ಶಾಲೆಗೆ ಹೊಸದಾಗಿ ಬಂದಿದ್ದ ಹಂಪಣ್ಣ ಮಾಸ್ತರ ಹೀಗೆಂದಾಗ, ಕಸ್ತೂರೆಮ್ಮ ತಂಗಿ ಕಲ್ಯಾಣಮ್ಮನ ಕೈ ಹಿಡಿದು ಅವನನ್ನೇ ನೋಡಿದಳು. ಜವಳಗೇರಾ, ಸಿಂಧನೂರಿನ ಶಾಲೆಗಳಲ್ಲಿ ಬೈದು ಕಳಿಸಿದ್ದರು. ಇವನು ತಲೆ ತಗ್ಗಿಸಿ ಹೇಳಿದ್ದ, ಅಷ್ಟೇ.

"ಬರಂಗಿಲ್ಲಂದ್ರ ಕಲೀರಿ," ಎಂದಳು. ಆ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು.

ಅದು 1968ರ ಮಾತು. ಕಾಲುವೆ ನೀರು ಬಂದು ಊರ ಸುತ್ತ ಭತ್ತ ಹಸಿರಾಗಿತ್ತು. ಅಪ್ಪ, ಅವ್ವ ತೀರಿದ ಮೇಲೆ ತಂಗಿಗೆ ಅವಳೇ ದಿಕ್ಕು. ಕಸ್ತೂರೆಮ್ಮನನ್ನು ನೋಡಲು ಬಂದ ವರಗಳೆಲ್ಲ, "ಆ ಮೂಕೀನ ಯಾರ ಸಾಕಬೇಕು" ಎಂದು ಎದ್ದು ಹೋಗಿದ್ದರು.

ಹಂಪಣ್ಣ ಕಲ್ಯಾಣಮ್ಮನನ್ನು ಮುಂದಿನ ಸಾಲಿನಲ್ಲಿ ಕೂಡಿಸಿಕೊಂಡ. ಸಂಜೆ ತಂಗಿಯನ್ನು ಕರೆದೊಯ್ಯಲು ಬರುವ ಅಕ್ಕನಿಗೆ ತಂಬಿಗೆ ತುಂಬ ನೀರು ಕೊಡುತ್ತಿದ್ದ. ಆ ಹೊತ್ತಿಗಾಗಿ ತಾನು ಕಾಯುತ್ತೇನೆಂದು ಅವಳು ತನ್ನ ಮನಸ್ಸಿಗೂ ಹೇಳಿಕೊಂಡಿರಲಿಲ್ಲ...

ಬೇಸಿಗೆ ರಜೆಯ ಮುಂಚೆ ಹೆಡ್‌ಮಾಸ್ತರರು, "ಮುಂದಿನ ವರ್ಷ ಈ ಹುಡುಗಿ ಬ್ಯಾಡ" ಎಂದುಬಿಟ್ಟರು. ಹಂಪಣ್ಣ ಕಸ್ತೂರೆಮ್ಮನಿಗೂ ಹೇಳದೆ ಬಸ್ಸು ಹತ್ತಿದ.

"ಮಾಸ್ತರ ಲಿಂಗಸುಗೂರಿಗೆ ವರ್ಗ ಮಾಡಿಸಿಕೊಂಡಾನಂತ," ಎಂದಳು ಪಕ್ಕದ ಮನೆಯ ಯಮನಮ್ಮ.

'ಇವರೂ ಅಷ್ಟೇ...' ಕಸ್ತೂರೆಮ್ಮನಿಗೆ ಅಳಲೂ ಶಕ್ತಿಯಿರಲಿಲ್ಲ. ಮಳೆಗಾಲಕ್ಕೆ ತಂಗಿಯನ್ನೂ ಕರೆದುಕೊಂಡು ಭತ್ತದ ಸಸಿ ನೆಡಲು ಹೋದಳು.

ಒಂದು ಮಧ್ಯಾಹ್ನ ತಲೆಯೆತ್ತಿದರೆ, ಗದ್ದೆಯ ಬದುವಿನ ಮೇಲೆ ಹಂಪಣ್ಣ! ಸೊರಗಿದ್ದ. ಕಲ್ಯಾಣಮ್ಮನ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿ ಹಿಡಿದು, ನಿಧಾನವಾಗಿ ತುಟಿ ಆಡಿಸುತ್ತಿದ್ದ.

"ಅ...ಕ್ಕ."

ಹುಡುಗಿ ಇನ್ನೊಂದು ಕೈಯನ್ನು ತನ್ನ ಗಂಟಲ ಮೇಲಿಟ್ಟುಕೊಂಡಳು. "ಅ...ಕ."

ಕಸ್ತೂರೆಮ್ಮ ಕೆಸರಿನಲ್ಲೇ ಕುಸಿದು ಕುಳಿತಳು.

"ಮೈಸೂರಾಗ ಕಿವುಡ ಮಕ್ಕಳ ಸಾಲಿ ಐತ್ರಿ. ರಜಾ ಎಲ್ಲಾ ಅಲ್ಲೇ ಕುಂತು ನೋಡಿ ಬಂದೆ," ಎಂದ ಹಂಪಣ್ಣ. "ರಾಯಚೂರಿಗೆ ಹೋಗಿ ಶಿಕ್ಷಣ ಇಲಾಖೆ ದೊಡ್ಡ ಸಾಹೇಬ್ರನ್ನೂ ಕೇಳೀನಿ. ಒಂದು ವರ್ಷ ಕೂಡಿಸಿ ನೋಡ್ರಿ ಅಂದಾರ."

"ವರ್ಗ ಮಾಡಿಸಿಕೊಂಡು ಹೋದ್ರಿ ಅಂತ ತಿಳಿದಿದ್ದೆ. ಹೇಳಿ ಹೋಗಬಾರದೇನ್ರಿ?"

"ಕೆಲಸ ಆಗದಿದ್ರ ನಿಮಗ ಮತ್ತೊಂದು ನಿರಾಸೆ... ಅದಕ್ಕ ಹೇಳ್ಲಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಹಂಪಣ್ಣ ಮೆಲ್ಲಗೆ ಹೇಳಿದ: "ಅಕ್ಕಗ ಏನ ಬೇಕಂತ ಕಲ್ಯಾಣಮ್ಮಗ ಸನ್ನೆ ಮಾಡಿ ಕೇಳ್ದೆ. ಕೆನ್ನಿ ಕೆಳಗ ಕೈ ಇಟ್ಟು ಕಣ್ಣು ಮುಚ್ಚಿ ತೋರಿಸಿದ್ಲು. ನಿದ್ದಿ ಬೇಕಂತ. ನಾಳಿಂದ ಆಕೀನ ಸಾಲಿಗೆ ನಾ ಕರಕೊಂಡು ಹೋಗ್ತೀನಿ. ನೀವು ಸ್ವಲ್ಪ ಮಲಗ್ರಿ."

"ಎಷ್ಟು ದಿನಾ ಕರಕೊಂಡು ಹೋಗ್ತೀರಿ?"

"ನೀವು ಒಪ್ಪಿದ್ರ... ನಿಮ್ಮಿಬ್ಬರ ಜೋಡೀನೂ ಕಡೀತನಕ ಇರ್ತೀನಿ."

ಅವಳು ತಂಗಿಯ ಮುಖ ನೋಡಿದಳು. ಆಮೇಲೆ ಕೆಸರಾದ ಕೈಯನ್ನು ಅವನತ್ತ ಚಾಚಿದಳು.

"ಹಂಗಾರ ಹಿಡದು ಎಬ್ಬಿಸ್ರಿ. ನನಗ ಒಬ್ಬಾಕೀಗೆ ಏಳಾಕ ಆಗವಲ್ದು."