ಎರಡು ಬೋಲ್ಟುಗಳ ನಡುವಿನ ರೇಷ್ಮೆ ಎಳೆ

"ಈ ಕಾರು ಮಾರಿದೋನು ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾನೆ!"

ಮಾತು ಬಂದದ್ದು ಕಾರಿನ ಅಡಿಯಿಂದ. ಮಾತಾಡಿದವನ ಮುಖ ಕಾಣುತ್ತಿರಲಿಲ್ಲ. ಗ್ರೀಸ್ ಮೆತ್ತಿದ ಎರಡು ಚಪ್ಪಲಿಗಳಷ್ಟೇ ಹೊರಗಿದ್ದವು.

ಸಾಬ್ರೀನ್‌ಗೆ ಮೈಯೆಲ್ಲ ಉರಿದುಹೋಯಿತು. ನಿನ್ನೆಯಷ್ಟೇ ಗೌರಿಬಿದನೂರಿನಿಂದ ಶಿಡ್ಲಘಟ್ಟಕ್ಕೆ ತಾನೇ ಓಡಿಸಿಕೊಂಡು ಬಂದ ಕಾರು ಅದು. ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು. ಕಾರಿನ ವಯಸ್ಸು ಹತ್ತೊಂಬತ್ತು ವರ್ಷ. ಅವಳು ಚಿಕ್ಕವಳಿದ್ದಾಗ ಇಂಥದೇ ಕಾರಿನಲ್ಲಿ ರೇಷ್ಮೆ ವ್ಯಾಪಾರಿಯೊಬ್ಬ, ಗೂಡಿನಿಂದ ನೂಲು ತೆಗೆಯುವ ಅವಳ ಮನೆಯವರ ಫಿಲೇಚರಿಗೆ ನೂಲು ಕೊಳ್ಳಲು ಬರುತ್ತಿದ್ದ. ಒಂದು ದಿನ ನಾನೂ ಇಂಥದ್ದನ್ನು ಓಡಿಸುತ್ತೇನೆ ಎಂದು ಆಗಲೇ ತೀರ್ಮಾನಿಸಿದ್ದಳು.

"ಅವನು ಟೋಪಿ ಹಾಕಿದ್ನೋ, ಈಗ ನೀವು ಹಾಕೋಕೆ ನೋಡ್ತಿದ್ದೀರೋ? ಹೇಗೆ ಗೊತ್ತಾಗತ್ತೆ ನನಗೆ?"

ಚಪ್ಪಲಿಗಳು ಒಂದು ಕ್ಷಣ ಅಲ್ಲಾಡಲಿಲ್ಲ. ಆಮೇಲೆ ಮೆಕ್ಯಾನಿಕ್ ವಾಸಿಫ್ ಹೊರಗೆ ಜಾರಿ ಬಂದ. ಕೆನ್ನೆಯ ಮೇಲೆ ಕಪ್ಪು ಮಸಿ. ಕಣ್ಣಲ್ಲಿ ನಗು.

ಈ ನಗುವೇ ನನಗೆ ಇಷ್ಟವಾಗದ್ದು! ಎಂದುಕೊಂಡಳು. ಇಷ್ಟವಾಗಿತ್ತು ಎನ್ನುವುದು ಬೇರೆ ಮಾತು.

"ಬನ್ನಿ ಮೇಡಂ, ನೀವೇ ನೋಡಿ. ಮೀಟರಲ್ಲಿ ಮೂವತ್ತೆಂಟು ಸಾವಿರ ಕಿಲೋಮೀಟರ್ ಇದೆ. ಅಷ್ಟಕ್ಕೆ ಕ್ಲಚ್ ಪೆಡಲ್ ರಬ್ಬರ್ ಹೀಗೆ ನುಣ್ಣಗೆ ಸವೆಯತ್ತಾ? ಮೀಟರನ್ನ ಹಿಂದಕ್ಕೆ ತಿರುಗಿಸಿದ್ದಾನೆ. ಟೈರ್ ಮೇಲಿನ ನಂಬರ್ ನೋಡಿ, ತಯಾರಾಗಿ ಹದಿಮೂರು ವರ್ಷ. ಹೊರಗಡೆ ಹೊಳೀತಿದೆ, ಒಳಗೆ ಬಿರುಕು. ಏರ್ ಫಿಲ್ಟರ್ ಡಬ್ಬೀಲಿ ಇಲಿ ಸಂಸಾರ ಮಾಡಿದೆ!"

ಅವನು ತೋರಿಸಿದ್ದನ್ನೆಲ್ಲ ಸಾಬ್ರೀನ್ ತಾನೇ ಮುಟ್ಟಿ ನೋಡಿದಳು. ಆದರೂ ಮುಖದ ಮೇಲಿನ ಅನುಮಾನ ಹೋಗಲಿಲ್ಲ.

ಹಾಗಿರಲು ಕಾರಣವಿತ್ತು. ಎರಡು ವರ್ಷದ ಹಿಂದೆ ಚಿಂತಾಮಣಿಯ ಹುಡುಗನೊಬ್ಬನ ಜೊತೆ ಅವಳ ನಿಶ್ಚಿತಾರ್ಥವಾಗಿತ್ತು. ನಿಕಾಹ್‌ಗೆ ಒಂದು ವಾರವಿದ್ದಾಗ, ಅವನಿಗೆ ಆಗಲೇ ಹೆಂಡತಿಯಿದ್ದಾಳೆ ಎಂದು ತಿಳಿಯಿತು. ಅವನ ಬೀದಿಗೆಲ್ಲ ಗೊತ್ತಿದ್ದ ಸಂಗತಿ ಅವಳೊಬ್ಬಳಿಗೆ ಗೊತ್ತಿರಲಿಲ್ಲ. ಅವತ್ತಿನಿಂದ ಸಾಬ್ರೀನ್ ಯಾರ ಮಾತನ್ನೂ ಮಾತಿನಷ್ಟಕ್ಕೇ ನಂಬುವುದನ್ನು ಬಿಟ್ಟಳು. ಹಾಲಿನವನು ಹಾಲು ಅಂದರೂ ಬೆರಳದ್ದಿ ನೋಡುವಷ್ಟು!

ವಾಸಿಫ್ ಒಂದು ಹಾಳೆಯ ಮೇಲೆ ಗೆರೆ ಎಳೆದು ಮೂರು ಭಾಗ ಮಾಡಿದ. ಈಗಲೇ ಆಗಬೇಕು, ಈ ವರ್ಷದೊಳಗೆ, ನೋಡ್ಕೊಂಡಿರಬೇಕು.

"ಎಲ್ಲಾನೂ ಈಗಲೇ ಬೇಡ ಮೇಡಂ. ಬ್ರೇಕ್ ಆಯಿಲ್, ಟೈರ್, ಕೂಲಂಟ್ ಪೈಪುಗಳು, ಟೈಮಿಂಗ್ ಬೆಲ್ಟ್, ಇವು ಮೊದಲು. ಶಾಕ್ ಅಬ್ಸಾರ್ಬರ್ ಆಮೇಲೆ. ಸೀಟ್ ಹರಿದಿರೋದನ್ನ ಬೇಕಾದ್ರೆ ಮುಂದಿನ ವರ್ಷ ನೋಡಣ."

"ಟೈಮಿಂಗ್ ಬೆಲ್ಟ್ ಯಾಕೆ ಈಗಲೇ? ಚೆನ್ನಾಗೇ ಓಡ್ತಿದೆಯಲ್ಲ."

"ಅದೇ ಭಯ. ಇಂಜಿನ್ ಪಕ್ಕ ಪ್ಲಾಸ್ಟಿಕ್ ಕವರ್ ಇದೆ ನೋಡಿ, ಅದರೊಳಗೆ ಕೂತಿರತ್ತೆ. ರಬ್ಬರ್ ಬೆಲ್ಟು. ಕಿಲೋಮೀಟರ್ ಓಡದೇ ಇದ್ರೂ ವಯಸ್ಸಾದ್ರೆ ಸಾಯತ್ತೆ. ರೋಡಲ್ಲಿ ಕಿತ್ತೋದ್ರೆ ಇಂಜಿನ್ ಅಲ್ಲೇ ಖಲಾಸ್."

ಕಣ್ಣಿಗೆ ಕಾಣದ ಜಾಗ. ಕವರ್ ಮುಚ್ಚಿರುವ ಕೆಲಸ. ಮಾಡಿದರೂ ಗೊತ್ತಾಗದು, ಮಾಡದಿದ್ದರೂ ಗೊತ್ತಾಗದು… ಸಾಬ್ರೀನಳ ಅನುಮಾನ ಅಲ್ಲೇ ಬೇರು ಬಿಟ್ಟಿತು.

ಅವತ್ತಿನಿಂದ ಅವಳು ದಿನಾ ಗ್ಯಾರೇಜಿಗೆ ಹಾಜರ್. ಬೆಳಿಗ್ಗೆ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿಸಿ, ಕೊಂಡ ಗೂಡನ್ನು ಫಿಲೇಚರಿಗೆ ಕಳಿಸಿ, ಸೀದಾ ಇಲ್ಲಿಗೆ. ಒಂದು ಸ್ಟೂಲ್ ಎಳೆದುಕೊಂಡು ಪೊಲೀಸಿನವರ ಹಾಗೆ ಕೂರುತ್ತಿದ್ದಳು. ಅವನು ಹೊಸ ಬ್ರೇಕ್ ಪ್ಯಾಡ್ ತಂದರೆ ಡಬ್ಬಿಯ ಸೀಲ್ ಪರೀಕ್ಷಿಸುತ್ತಿದ್ದಳು. ಅವನಿಗೆ ಸಿಟ್ಟೇ ಬರುತ್ತಿರಲಿಲ್ಲ!

ಸಿಟ್ಟು ಬರದೇ ಇರೋದೂ ನಾಟಕ ಇರಬಹುದಲ್ಲ?

ಒಂದು ದಿನ ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಇಂಜಿನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿ ನಿಂತಿದ್ದ.

"ಏನ್ಮಾಡ್ತಿದ್ದೀರ ವಾಸಿಫ್ ಭಾಯ್?"

"ಒಳಗಿನ ಸದ್ದು ಕೇಳ್ತಿದ್ದೀನಿ."

"ನಾವೂ ಹೀಗೇ. ಗೂಡನ್ನ ಕಿವಿ ಹತ್ರ ಅಲ್ಲಾಡಿಸಿ ಕೇಳ್ತೀವಿ. ಒಳಗಿರೋ ಹುಳು ಚೆನ್ನಾಗಿದ್ಯೋ ಕೊಳೆತಿದ್ಯೋ ಸದ್ದೇ ಹೇಳತ್ತೆ. ಕೊಡಿ ಇಲ್ಲಿ."

ಅವನು ಕೊಟ್ಟ. ಅವಳು ಬಗ್ಗಿ ಕಿವಿಗೊಟ್ಟಳು. ಅವನ ಭುಜ ಅವಳ ಭುಜದಿಂದ ಒಂದು ಗೇಣು ದೂರದಲ್ಲಿತ್ತು. ಆಯಿಲ್ ವಾಸನೆ, ಸೋಪಿನ ವಾಸನೆ… ಇಂಜಿನಿನದಕ್ಕಿಂತ ತನ್ನೆದೆಯ ಸದ್ದೇ ಜೋರಾಗಿ ಕೇಳುತ್ತಿದೆಯಲ್ಲ, ಯಾ ಅಲ್ಲಾ!

"ಇಲ್ಲಿ," ಎಂದಳು ಥಟ್ಟನೆ. "ಬೆಲ್ಟ್ ಕಡೆ. ಸಣ್ಣಗೆ ಕಿರ್ರ್ ಅಂತಿದೆ."

ವಾಸಿಫ್ ಮತ್ತೆ ಕಿವಿಯಿಟ್ಟು ಕೇಳಿದ. ಅವನ ಮುಖ ಅರಳಿತು.

"ಸರಿಯಾಗಿ ಹೇಳಿದ್ರಿ! ಬೆಲ್ಟನ್ನ ಬಿಗಿ ಹಿಡಿಯೋ ಬೇರಿಂಗ್ ಅದು. ನನಗೇ ಕೇಳಿಸಿರ್ಲಿಲ್ಲ."

ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಕಾರಿನ ಚಿಂತೆಯಂತೂ ಅಲ್ಲ.

ಸೋಮವಾರ ಊಟಕ್ಕೆ ಕೂತಾಗ ಅವಳ ಅಬ್ಬಾ ಕರೀಂ ಸಾಬ್ ಗಂಟಲು ಸರಿಮಾಡಿಕೊಂಡರು.

"ಗ್ಯಾರೇಜ್ ಹುಡುಗನ ಅಮ್ಮಿ ಅಖ್ತರಿ ಬೀ ಹೇಳಿ ಕಳಿಸಿದ್ದಾರಮ್ಮ. ನಿನ್ನನ್ನ ಸೊಸೆ ಮಾಡ್ಕೋಬೇಕಂತೆ. ಶುಕ್ರವಾರ, ಜುಮ್ಮಾ ದಿನ ಉತ್ತರ ಕೊಡ್ತೀನಿ ಅಂದಿದ್ದೀನಿ. ಹೋದ ಸಲ ನಾನು ಅವಸರ ಮಾಡ್ದೆ… ಈ ಸಲ ನೀನು ಏನಂತೀಯೋ ಅದೇ."

ಸಾಬ್ರೀನ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಮನಸ್ಸು ಹೂಂ ಅನ್ನುತ್ತಿತ್ತು. ತಲೆ ಮಾತ್ರ ಕೇಳುತ್ತಿತ್ತು… ಇವನನ್ನು ನಂಬಬಹುದಾ? ಮತ್ತೆ ಮೋಸ ಹೋದರೆ ತಡೆದುಕೊಳ್ಳುವ ಶಕ್ತಿ ಇದೆಯಾ ನನಗೆ?

ನೋಡೇ ಬಿಡೋಣ!

ಮಂಗಳವಾರ ಮಧ್ಯಾಹ್ನ ವಾಸಿಫ್ ನಮಾಜಿಗೆ ಹೋಗಿದ್ದಾಗ ಅವಳು ಬಾನೆಟ್ ಎತ್ತಿದಳು. ಪರ್ಸಿನಿಂದ ಫಿಲೇಚರಿನ ಒಂದೆಳೆ ಕಚ್ಚಾ ರೇಷ್ಮೆ ತೆಗೆದು, ಟೈಮಿಂಗ್ ಬೆಲ್ಟಿನ ಕವರ್ ಮೇಲಿದ್ದ ಎರಡು ಬೋಲ್ಟುಗಳಿಗೆ ಸುತ್ತಿ, ಹಿಂದುಗಡೆ ಗಂಟು ಹಾಕಿದಳು. ಬೋಲ್ಟಿಗೆ ಸ್ಪ್ಯಾನರ್ ಹಾಕಿದರೆ ಎಳೆ ಹರಿಯಲೇಬೇಕು. ಹರಿಯದಿದ್ದರೆ ಕವರ್ ತೆಗೆದೇ ಇಲ್ಲ ಎಂದರ್ಥ.

ಅವಳು ಪರೀಕ್ಷೆ ಇಟ್ಟದ್ದು ಮೆಕ್ಯಾನಿಕ್ಕಿಗಲ್ಲ, ಮದುಮಗನಿಗೆ.

ಬುಧವಾರ ಬೇಕೆಂದೇ ಗ್ಯಾರೇಜಿನ ಕಡೆ ಹೋಗಲಿಲ್ಲ. ಗುರುವಾರ ಬೆಳಿಗ್ಗೆ ಅವನು ಸಂಭ್ರಮದಿಂದ ಕಾದಿದ್ದ. "ಬೆಲ್ಟ್ ಆಯ್ತು ಮೇಡಂ! ಬೇರಿಂಗೂ ಹೊಸದು ಹಾಕ್ದೆ. ಸ್ಟಾರ್ಟ್ ಮಾಡಿ ನೋಡಿ, ಕಿರ್ರ್ ಸದ್ದು ಮಾಯ."

ಸಾಬ್ರೀನ್ ಬಾನೆಟ್ಟಿನೊಳಗೆ ಬಗ್ಗಿದಳು. ಬೆರಳಾಡಿಸಿದಳು.

ಎಳೆ ಹರಿದಿರಲಿಲ್ಲ!

ಇವನೂ… ಇವನೂ ಹಾಗೇನಾ?

"ಸುಳ್ಳು! ಆ ಕವರ್ ನೀವು ಬಿಚ್ಚೇ ಇಲ್ಲ."

ವಾಸಿಫ್ ಬೆಪ್ಪಾದ. ಬೆಂಚಿನ ಮೇಲಿದ್ದ ಹಳೆಯ ಬೆಲ್ಟನ್ನು ತಂದು ಮುಂದೆ ಹಿಡಿದ. "ಇಲ್ನೋಡಿ, ನಿಮ್ಮ ಕಾರಿಂದೇ. ಎಷ್ಟು ಬಿರುಕು ಬಿಟ್ಟಿದೆ…"

"ಯಾವ ಕಾರಿಂದೋ ಏನೋ! ಗ್ಯಾರೇಜಲ್ಲಿ ಹಳೇ ಬೆಲ್ಟಿಗೆ ಬರಾನಾ?"

"ಮೇಡಂ, ಬಿಚ್ಚಿ ತೋರಿಸ್ತೀನಿ. ಎರಡು ನಿಮಿಷ."

ಸ್ಪ್ಯಾನರ್ ಎತ್ತಿಕೊಂಡು ಬಗ್ಗಿದ. ಅವನ ಕೈ ಕವರಿನ ಹತ್ತಿರ ಹೋಯಿತು. ರೇಷ್ಮೆ ಎಳೆಯ ಹತ್ತಿರ ಬಂದು… ನಿಂತುಬಿಟ್ಟಿತು. ಒಂದು ಸಲ ಅವಳ ಮುಖ ನೋಡಿದ. ನಿಧಾನಕ್ಕೆ ಕೈ ಹಿಂದೆ ತೆಗೆದ.

"ಬೇಡ ಮೇಡಂ. ನಾನು ಬಿಚ್ಚಲ್ಲ. ನಿಮಗೆ ಅನುಮಾನ ಇದ್ರೆ ಬೇರೆ ಯಾರ ಹತ್ರಾನಾದ್ರೂ ತೋರಿಸ್ಕೊಳ್ಳಿ."

ಇದಕ್ಕಿಂತ ಬೇರೆ ಸಾಕ್ಷಿ ಬೇಕಾ? ಕಳ್ಳ ಸಿಕ್ಕಿಬಿದ್ದಿದ್ದಾನೆ!

"ಬೇರೆಯವರ ಹತ್ರಾನೇ ಹೋಗ್ತೀನಿ. ನಿಮ್ಮಮ್ಮಿಗೂ ಹೇಳಿಬಿಡಿ, ನಾಳೆ ನಮ್ಮನೆಯಿಂದ ಉತ್ತರಕ್ಕೆ ಕಾಯ್ಬೇಡಿ ಅಂತ."

ವಾಸಿಫನ ಮುಖದ ಬಣ್ಣವೇ ಇಳಿದುಹೋಯಿತು. ಅವನು ಸ್ಪ್ಯಾನರ್ ಕೆಳಗಿಟ್ಟ. ಅಷ್ಟರಲ್ಲಿ ಕೆಂಪು ಕಾರು ಗ್ಯಾರೇಜಿನಿಂದ ಹೊರಬಿದ್ದಿತ್ತು.

ಚಿಕ್ಕಬಳ್ಳಾಪುರದ ರಸ್ತೆಯುದ್ದಕ್ಕೂ ಅವಳು ಅತ್ತಳು. ಇಂಜಿನ್ ಎಷ್ಟು ನಯವಾಗಿ ಓಡುತ್ತಿದೆ ಎಂದು ಗಮನಿಸುವಷ್ಟು ಸಮಾಧಾನ ಆಗ ಎಲ್ಲಿತ್ತು?

ಅಲ್ಲಿ ಮುರಳಿಮೋಹನ್ ಎಂಬ ಹಿರಿಯ ಮೆಕ್ಯಾನಿಕ್ ಇದ್ದರು. ಟೈಮಿಂಗ್ ಕವರ್ ತೆಗೆದು ಒಳಗೆ ಏನಿದೆ ಹೇಳಿ ಸಾರ್ ಎಂದಳು. ಅವರು ಬಗ್ಗಿ ನೋಡಿ, "ಇದೇನಮ್ಮ ದಾರ?" ಎನ್ನುತ್ತ ಕಟರಿನಿಂದ ಚಕ್ಕನೆ ಕತ್ತರಿಸಿ ಅವಳ ಕೈಗಿಟ್ಟರು. ಬೋಲ್ಟುಗಳನ್ನು ಬಿಚ್ಚಿದರು. ಕವರ್ ಹೊರಬಂತು.

"ಬೆಲ್ಟ್ ಹೊಸದೇ ಕಣಮ್ಮ. ಬೇರಿಂಗೂ ಹೊಸದು. ಕೆಲಸ ಮಾಡಿದೋನು ಭಾರಿ ನೀಟು. ನೋಡಿಲ್ಲಿ, ಕವರ್ ಒಳಗಡೆ ಬರೆದೂ ಇಟ್ಟಿದ್ದಾನೆ."

ಕವರಿನ ಒಳಮೈ ಮೇಲೆ ಬಿಳಿ ಮಾರ್ಕರಿನ ಅಕ್ಷರಗಳಿದ್ದವು. ಬುಧವಾರದ ತಾರೀಖು. ಮೀಟರಿನ ಅಂಕಿ. ಅದರ ಕೆಳಗೆ ಸಣ್ಣಗೆ, 'ಬೇರಿಂಗ್ ಸದ್ದು ಹಿಡಿದವರು: ಸಾಬ್ರೀನ್.'

ಅವಳು ಆ ಸಾಲನ್ನು ಎರಡು ಸಲ ಓದಿದಳು. ಯಾರೂ ನೋಡದ ಜಾಗದಲ್ಲಿ, ಕವರ್ ಮುಚ್ಚಿದರೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ತನ್ನ ಹೆಸರು!

ಹಾಗಾದರೆ ಎಳೆ? ಹರಿಯದೆ ಹೇಗೆ ಉಳಿಯಿತು?

ಅಂಗೈಲಿದ್ದ ದಾರವನ್ನು ಈಗ ಸರಿಯಾಗಿ ನೋಡಿದಳು. ಬೆಳಿಗ್ಗೆ ಎಳೆ ಇದೆಯೇ ಎಂದಷ್ಟೇ ನೋಡಿದ್ದಳು, ಹಿಂದುಗಡೆಯ ಗಂಟನ್ನು ನೋಡಿರಲಿಲ್ಲ. ನೂಲು ತೆಗೆಯುವ ರೀಲರ್ ಹಾಕುವ ಗಂಟಿಗೆ, ಅವಳು ಹಾಕಿದ್ದೂ ಅದೇ, ಹೊರಗೆ ಚಾಚಿದ ಬಾಲವಿರುವುದಿಲ್ಲ. ಇದರಲ್ಲಿ ಒಂದರ ಮೇಲೊಂದು ಮೂರು ಗಂಟುಗಳಿದ್ದವು. ದರ್ಗಾದ ಕಿಟಕಿಯ ಜಾಲಿಗೆ ಹರಕೆಯ ಮನ್ನತ್ ದಾರ ಕಟ್ಟುವವರು ಹಾಕುವ ಗಂಟು… ಅದು ಅವಳದ್ದಲ್ಲವೇ ಅಲ್ಲ!

ಕವರ್ ಮುಚ್ಚಿಸಿಕೊಂಡು ಶಿಡ್ಲಘಟ್ಟದ ಕಡೆ ಕಾರು ತಿರುಗಿಸಿದಳು.

ವಾಸಿಫ್ ಗ್ಯಾರೇಜಿನಲ್ಲಿ ಅವಳದೇ ಸ್ಟೂಲಿನ ಮೇಲೆ ಕೂತಿದ್ದ. ಕೈಯಲ್ಲಿ ಕೆಲಸವಿರಲಿಲ್ಲ. ಅವಳನ್ನು ನೋಡಿ ಎದ್ದು ನಿಂತ.

"ತೋರಿಸಿದ್ರಾ?"

"ತೋರಿಸಿದೆ." ಅವಳು ಅಂಗೈ ಬಿಡಿಸಿ ದಾರ ಮುಂದೆ ಹಿಡಿದಳು. "ಇದನ್ನ ಬಿಚ್ಚಿ ಮತ್ತೆ ಕಟ್ಟಿದ್ದು ನೀವೇನಾ?"

ಕತ್ತರಿಸಿದ ದಾರ ಕಂಡು ಅವನ ಮುಖ ಸಪ್ಪಗಾಯಿತು. "ಅಯ್ಯೋ, ಕತ್ತರಿಸಿಬಿಟ್ರಾ? ಅದಕ್ಕೇ ನಾನು ಎರಡನೇ ಸಲ ಕೈ ಹಾಕ್ಲಿಲ್ಲ. ಅಮ್ಮಿ ಮುರುಗಮಲ್ಲದ ದರ್ಗಾಕ್ಕೆ ಹೋದಾಗೆಲ್ಲ ದಾರ ಕಟ್ಟಿ ಬರ್ತಾರೆ. ಕೇಳ್ಕೊಂಡಿದ್ದು ಆಗೋವರೆಗೂ ಅದು ಹರೀಬಾರ್ದು ಅಂತಾರೆ. ರೇಷ್ಮೆ ಎಳೆ ನೋಡಿ, ಇದು ನಿಮ್ಮ ಮನ್ನತ್ ಅಂದ್ಕೊಂಡೆ. ಅಮ್ಮಿ ಹತ್ರ ಸೂಜಿ ಇಸ್ಕೊಂಡು ಅರ್ಧ ಗಂಟೆ ಕೂತು ಗಂಟು ಬಿಡಿಸ್ದೆ. ಬೆಲ್ಟ್ ಹಾಕಿ, ಹೆಂಗಿತ್ತೋ ಹಂಗೇ ಕಟ್ಟಿಟ್ಟೆ."

"ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?"

"ಒಬ್ಬರ ದುವಾ ಇನ್ನೊಬ್ಬರು ಬಾಯಿಬಿಟ್ಟು ಹೇಳೋದು ಸರಿಯಲ್ಲ ಅಂತ…" ಅವನು ಮಸಿ ಬಟ್ಟೆಯಲ್ಲಿ ಸುಮ್ಮನೆ ಕೈ ಒರೆಸಿಕೊಂಡ. "ನಿಜ ಹೇಳ್ಲಾ? ನಮ್ಮನೆಯಿಂದ ಕೇಳಿ ಕಳಿಸಿದ ಮಾರನೇ ದಿನವೇ ಇದನ್ನ ನೋಡಿದ್ದು. ಬೇರೆ ಯಾರೋ ಸಿಗಲಿ ಅಂತ ಕೇಳ್ಕೊಂಡು ಕಟ್ಟಿದ್ದೀರೇನೋ ಅನ್ಕೊಂಡೆ. ಎದೆ ಕಿತ್ತು ಬಂದಂಗಾಯ್ತು. ಆದ್ರೂ ಹರಿಯೋಕೆ ಕೈ ಬರ್ಲಿಲ್ಲ."

ಸಾಬ್ರೀನಳ ಕಣ್ಣು ತುಂಬಿ ಹರಿಯಿತು. ತಾನು ಇಷ್ಟು ಸಣ್ಣವಳಾದೆನಲ್ಲ!

"ಅದು ಮನ್ನತ್ ಅಲ್ಲ," ಎಂದಳು ಬಿಕ್ಕುತ್ತ. "ಬಲೆ. ನೀವು ಕವರ್ ಬಿಚ್ತೀರೋ ಇಲ್ವೋ ನೋಡೋಕೆ ಕಟ್ಟಿದ್ದ ಬಲೆ. ನಾನು ನಿಮ್ಮನ್ನ ಕಳ್ಳ ಅಂದ್ಕೊಂಡು ಕಟ್ಟಿದ್ದನ್ನ, ನೀವು ದುವಾ ಅಂದ್ಕೊಂಡು ಕಾಪಾಡಿದ್ರಿ!"

ವಾಸಿಫ್ ಅವಳ ಅಂಗೈಯಿಂದ ದಾರ ತೆಗೆದು, ತಲೆ ತಗ್ಗಿಸಿ ಬೆರಳಿಗೆ ಸುತ್ತಿಕೊಂಡ. ಅವನಿಗೆ ನೋವಾಗಿದೆ ಎಂದು ಅವಳಿಗೆ ಕಂಡಿತು. ಅದನ್ನು ಅವಳಿಂದ ಸಹಿಸಲಾಗಲಿಲ್ಲ.

"ಬೈದುಬಿಡಿ ವಾಸಿಫ್. ಸುಮ್ಮನಿರಬೇಡಿ."

ಅವನು ಥಟ್ಟನೆ ತಲೆ ಎತ್ತಿದ. "ಏನಂದ್ರಿ?"

"ಬೈದುಬಿಡಿ ಅಂದೆ."

"ಅದಲ್ಲ, ಆಮೇಲಿಂದು. ಭಾಯ್ ಎಲ್ಲಿ ಹೋಯ್ತು?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಚಿಕ್ಕಬಳ್ಳಾಪುರದಲ್ಲಿ ಬಿಟ್ಟು ಬಂದೆ."

ಅವನ ಕಣ್ಣಿಗೆ ಆ ಹಳೆಯ ನಗು ಮೆಲ್ಲಗೆ ಮರಳಿತು.

ಸಾಬ್ರೀನ್ ಬಾನೆಟ್ ಎತ್ತಿದಳು. ಪರ್ಸಿನಿಂದ ಹೊಸದೊಂದು ರೇಷ್ಮೆ ಎಳೆ ತೆಗೆದು, ಅವೇ ಎರಡು ಬೋಲ್ಟುಗಳಿಗೆ ಸುತ್ತಿ, ಅವನ ಹಾಗೆಯೇ ಒಂದರ ಮೇಲೊಂದು ಮೂರು ಗಂಟು ಹಾಕಿದಳು. ಅವನು ಉಸಿರು ಬಿಗಿಹಿಡಿದು ನೋಡುತ್ತ ನಿಂತಿದ್ದ.

"ಮತ್ತೆ ಬಲೆನಾ?"

"ಅಲ್ಲ. ಈ ಸಲ ನಿಜವಾದ ಮನ್ನತ್."

"ಏನಂತ ಕೇಳ್ಕೊಂಡ್ರಿ?"

"ನಾಳೆ ಜುಮ್ಮಾ. ಅಬ್ಬಾ ನಿಮ್ಮನೆಗೆ ಉತ್ತರ ಕಳಿಸ್ತಾರೆ. ಆಗ ಗೊತ್ತಾಗತ್ತೆ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಮಸಿ ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡ. ಮುಖವೆಲ್ಲ ಕಪ್ಪಾಯಿತು.

"ಮನ್ನತ್ ಈಡೇರಿದ ಮೇಲೆ ಗಂಟು ಯಾರು ಬಿಚ್ಚೋದು ಸಾಬ್ರೀನ್?"

"ನೀವೇ. ನಿಕಾಹ್ ಮುಗಿಸಿ ಇದೇ ಕಾರಲ್ಲಿ ಮನೆಗೆ ಬರ್ತೀವಲ್ಲ, ಆವತ್ತು," ಎಂದು ಅವಳು ಸೆರಗಿನಲ್ಲಿ ಅವನ ಕೆನ್ನೆಯ ಮಸಿ ಒರೆಸಿದಳು. "ಸೂಜಿ ಮರೀಬೇಡಿ."