ಭಾನುವಾರದ ಪಾಪಕ್ಕೆ ಶನಿವಾರದ ಕ್ಷಮೆ

"ಓ... ನೀವು ಕ್ಯಾಥೊಲಿಕ್ಕಾ? ನಾನು ಕ್ರೈಸ್ತರು ಅಂದ್ಕೊಂಡಿದ್ದೆ."

ಮಾತು ಬಾಯಿಂದ ಜಾರಿಹೋಗಿತ್ತು. ಎದುರಿಗಿದ್ದವನ ಮುಖ ನೋಡಿದ ಮೇಲೇ ತಾನೇನಂದೆ ಅಂತ ಅವಳಿಗೆ ಅರಿವಾದದ್ದು.

ನಡೆದದ್ದಿಷ್ಟು. ಅವಳು ಆ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ ಮಗಳು. ಚರ್ಚಿಗೆ ಅಂಟಿಕೊಂಡ ಕೋಣೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಳು. ಬೆಳಿಗ್ಗೆ ವೇದಿಕೆ ಗುಡಿಸಲು ಬಂದವಳು, ಒಂದು ಹಲಗೆ ಸರಿಯಾಗಿ ಕೂತಿಲ್ಲವಲ್ಲ ಅಂತ ಎತ್ತಿದಳು. ಕೆಳಗೆ, ದೀಕ್ಷಾಸ್ನಾನದ ಖಾಲಿ ತೊಟ್ಟಿಯಲ್ಲಿ, ಒಬ್ಬ ಗಂಡಸು ಅಂಗಾತ ಮಲಗಿದ್ದ!

ಅವಳು ಕಿರುಚಿದಳು. ಅವನೂ ಕಿರುಚಿದ. ಕಿರುಚಿ, ಹಣೆ, ಎದೆ, ಎರಡೂ ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡ. ಕ್ಯಾಥೊಲಿಕ್ಕರ ಪದ್ಧತಿ ಅದು, ಬ್ಯಾಪ್ಟಿಸ್ಟರದ್ದಲ್ಲ.

ತೊಟ್ಟಿ ಸೋರುತ್ತೆ ಅಂತ ಅಪ್ಪ ಕರೆಸಿದ್ದ ಟೈಲ್ಸ್ ಮೇಸ್ತ್ರಿ ಅವನು. ಬಿರುಕು ಎಲ್ಲಿದೆ ಅಂತ ನೋಡ್ತಿದ್ದ, ಪಾಪ.

"ಕ್ರೈಸ್ತ ಅಲ್ಲದೆ ಮತ್ತೇನ್ರೀ ನಾನು?" ಅವನು ಎದ್ದು ಕೂತ. "ಹುಟ್ಟಿದ ಎಂಟನೇ ದಿನಕ್ಕೇ ಫಾದರ್ ತಲೆಗೆ ನೀರು ಹುಯ್ದು ಜ್ಞಾನಸ್ನಾನ ಕೊಟ್ಟಿದ್ದಾರೆ."

"ಅದು ನಿಮಗೆ ಗೊತ್ತಿದ್ದು ಆದದ್ದಲ್ಲವಲ್ಲ. ಬುದ್ಧಿ ಬಂದ ಮೇಲೆ, ನಂಬಿ, ನಾವಾಗೇ ಬಂದು ಪೂರ್ತಿ ಮುಳುಗಬೇಕು. ಅದೇ ದೀಕ್ಷಾಸ್ನಾನ."

"ನಮ್ಮಮ್ಮ ನನಗೆ ಹೆಸರಿಟ್ಟದ್ದೂ ನನ್ನ ಕೇಳಿ ಅಲ್ಲ. ಹಾಗಂತ ಅದು ನನ್ನ ಹೆಸರಲ್ವಾ?"

ಅವಳು ಪೊರಕೆಯನ್ನ ನೆಲಕ್ಕೆ ಕುಕ್ಕಿದಳು. ಸಿಟ್ಟು ಬಂತು. ಆ ಸಿಟ್ಟಿನಲ್ಲೂ ಇವನ ಕಣ್ಣು ಚೆನ್ನಾಗಿದೆಯಲ್ಲ ಅನ್ನಿಸಿತು ನೋಡಿ... ಕೆಲಸ ಕೆಟ್ಟದ್ದು ಅಲ್ಲೇ.

ಎರಡು ದಿನದ ಕೆಲಸ ಹನ್ನೊಂದು ದಿನ ಹಿಡಿಯಿತು. ಯಾಕೆ ಅಂತ ಕೇಳಬೇಡಿ. ಒಂದು ಟೈಲ್ ಕೂರಿಸೋದು, ಅಂಗಡಿ ಬಾಗಿಲಿಗೆ ಬಂದು "ಟೈಲರಮ್ಮ, ಕುಡಿಯೋಕೆ ನೀರು" ಅನ್ನೋದು. ಸಂದಿಗೆ ಬಿಳಿ ಸಿಮೆಂಟ್ ತುಂಬೋದು, ಮತ್ತೆ ನೀರು. ಒಂಟೆಗೂ ಅಷ್ಟು ಬಾಯಾರಿಕೆ ಇರಲಿಕ್ಕಿಲ್ಲ.

ಹನ್ನೆರಡನೇ ದಿನ ಅವನು ಬರಲಿಲ್ಲ. ಅವಳು ಒಂದೇ ರವಿಕೆಗೆ ಎರಡು ಸಲ ತೋಳು ತಿರುಗಮುರುಗ ಹೊಲಿದಳು. ಆಮೇಲೆ ತಾನೇ ಫೋನ್ ಮಾಡಿದಳು.

"ಮೇಸ್ತ್ರಿ... ಇವತ್ತು ಬಾಯಾರಿಕೆ ಆಗಲಿಲ್ವಾ?"

ಆ ಕಡೆ ಟೈಲ್ ಕತ್ತರಿಸೋ ಸದ್ದು ನಿಂತಿತು. ಆಮೇಲೆ ಅವನು ಮೆಲ್ಲಗೆ ಅಂದ. "ಆಗ್ತಿದೆ."

ಮದುವೆ ಆದರೆ ಇವನನ್ನೇ ಅಂತ ಅಪ್ಪನಿಗೆ ಹೇಳಿದಾಗ ಅಪ್ಪ ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಅಷ್ಟೆ. "ಒಳ್ಳೆ ಹುಡುಗ. ಕೆಲಸ ಅಚ್ಚುಕಟ್ಟು. ಮೊದಲು ಕ್ರೈಸ್ತನಾಗಲಿ ಮಗಳೇ, ಆಮೇಲೆ ಅಳಿಯ."

ಅವಳು ಹೆದರುತ್ತಲೇ ಅವನಿಗೆ ಹೇಳಿದಳು. ಅವನು ಅವಳನ್ನೇ ನೋಡಿದ. ಒಂದೇ ನಿಮಿಷ.

"ಆಯ್ತು. ಮುಳುಗ್ತೀನಿ."

ಇಷ್ಟು ಸುಲಭಾನಾ! ಕರ್ತರೇ ಇವನ ಮನಸ್ಸು ಮುಟ್ಟಿದ್ದಾರೆ ಅಂತ ಅವಳು ನಂಬಿಬಿಟ್ಟಳು. ಆರು ವಾರ ಅಪ್ಪನ ಪಾಠಕ್ಕೂ ಬಂದ, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಹೇಳಿದ. ಅವಳು ಖುಷಿಯಿಂದ ಅವನ ಅಳತೆ ತೆಗೆದು ಬಿಳಿ ನಿಲುವಂಗಿ ಹೊಲಿದಳು. ನೀರಲ್ಲಿ ತೇಲಬಾರದು ಅಂತ ಅಂಚಿನಲ್ಲಿ ಸಣ್ಣ ಸೀಸದ ಗುಂಡುಗಳನ್ನಿಟ್ಟು ಮಡಚಿದಳು. ಅಳತೆ ತೆಗೆಯುವಾಗ ಅವನು ಯಾಕೆ ತಮಾಷೆ ಮಾಡಲಿಲ್ಲ ಅಂತ ಅವಳು ಯೋಚಿಸಲೇ ಇಲ್ಲ. ಪ್ರೀತಿ ಕುರುಡು ಅಂತಾರೆ. ಇಲ್ಲಿ ಭಕ್ತಿಯೂ ಸೇರಿಕೊಂಡಿತ್ತು.

ಭಾನುವಾರ. ಆರಾಧನೆಗೆ ಇನ್ನೂ ಒಂದು ಗಂಟೆ ಇತ್ತು. ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಕೈಯಲ್ಲಿ ಜಪಮಾಲೆ. ಅವನದೇ ಕಣ್ಣು.

"ನಾನು ಅವನ ಅಮ್ಮ. ಜಗಳಕ್ಕೆ ಬಂದಿಲ್ಲ. ಬರೋದೂ ಬೇಡ ಅಂತಿದ್ದೆ."

ಅವಳು ಗಾಬರಿಯಿಂದ ಕುರ್ಚಿ ಎಳೆದು ಕೊಟ್ಟಳು. ಅವರು ಕೂರಲಿಲ್ಲ.

"ನಿಜ ಹೇಳ್ತೀನಮ್ಮ. ನಿಮ್ಮದು ಚರ್ಚು ಅಂತಲೇ ನಾನು ಅಂದ್ಕೊಂಡಿರಲಿಲ್ಲ. ಬೋಳು ಗೋಡೆ. ಒಬ್ಬ ಸಂತರ ಪ್ರತಿಮೆ ಇಲ್ಲ, ದೇವಮಾತೆ ಇಲ್ಲ. ಮೀಟಿಂಗ್ ಹಾಲ್ ಇದ್ದ ಹಾಗಿದೆ. ಮಾತೆಗೆ ಕೈ ಮುಗಿಯದೋರು ಎಂಥ ಕ್ರೈಸ್ತರು ಅಂತ ನಮ್ಮ ಫಾದರ್ ಹತ್ತಿರ ಹೇಳಿದೆ. ಅವರು ನನಗೇ ಬೈದರು."

"ಬೈದರಾ?"

"ಹೂಂ. ಆ ಹುಡುಗಿ ಜ್ಞಾನಸ್ನಾನ ಆದ ಕ್ರೈಸ್ತಳು, ನಮ್ಮಲ್ಲಿಗೆ ಬಂದರೂ ಅವಳಿಗೆ ಮತ್ತೆ ನೀರು ಹುಯ್ಯೋ ಹಾಗಿಲ್ಲ, ಅಂದರು. ಪೂಜೆಯಲ್ಲಿ ಪರಮಪ್ರಸಾದದ ರೊಟ್ಟಿ ಮಾತ್ರ ಕೊಡಲ್ವಂತೆ. ಅದು ಬೇರೆ ಮಾತು."

ಅವಳ ಕೈಯ ಇಸ್ತ್ರಿಪೆಟ್ಟಿಗೆ ನಿಲುವಂಗಿಯ ಮೇಲೇ ನಿಂತಿತು. 'ನನ್ನನ್ನ... ಅವರು ಕ್ರೈಸ್ತಳು ಅಂತಾರಾ? ಮತ್ತೆ ನಾವು ಅವನನ್ನ...?'

"ನನ್ನ ಮಗನ ವಿಷಯ ಕೇಳು," ಅಮ್ಮ ಜಪಮಾಲೆಯನ್ನ ಬೆರಳಿಗೆ ಸುತ್ತಿಕೊಂಡರು. "ಎರಡನೇ ಸಲ ಜ್ಞಾನಸ್ನಾನ ತಗೊಂಡರೆ ನಮ್ಮಲ್ಲಿ ಪಾಪ. ಮೊದಲನೇದು ಸುಳ್ಳು ಅಂದ ಹಾಗೆ. ಪೆದ್ದ, ನಿನ್ನೆ ಪಾಪನಿವೇದನೆಗೆ ಹೋಗಿದ್ದಾನೆ. ಭಾನುವಾರ ಮಾಡೋ ಪಾಪಕ್ಕೆ ಶನಿವಾರವೇ ಕ್ಷಮೆ ಕೇಳಿದ್ದಾನೆ. ಮಾಡ್ತೀನಿ ಅಂತ ಹೊರಟಿರೋನಿಗೆ ಕ್ಷಮೆ ಎಲ್ಲಿಂದ ಕೊಡಲಿ ಅಂತ ಫಾದರ್ ವಾಪಸ್ ಕಳಿಸಿದರಂತೆ. ಮನೆಗೆ ಬಂದು ನನ್ನ ಮಡಿಲಲ್ಲಿ ತಲೆ ಇಟ್ಟು ಅತ್ತ. ಏಳು ವರ್ಷದವನಿದ್ದಾಗ ಅತ್ತಿದ್ದ, ಆಮೇಲೆ ನಿನ್ನೆಯೇ."

ನಿಲುವಂಗಿ ಸುಟ್ಟ ವಾಸನೆ ಬಂತು. ಅವಳು ಬೆಚ್ಚಿ ಇಸ್ತ್ರಿಪೆಟ್ಟಿಗೆ ಎತ್ತಿದಳು. ಬೆನ್ನಿನ ಹತ್ತಿರ ಕಂದು ಕಲೆ.

ತಾನು ಯಾವುದನ್ನ ಅವನ ಹೊಸ ಹುಟ್ಟು ಅಂದುಕೊಂಡಿದ್ದಳೋ, ಅದು ಅವನಿಗೆ ಪಾಪ. ಅದು ಗೊತ್ತಿದ್ದೂ ಮಾಡೋಕೆ ಹೊರಟಿದ್ದಾನೆ, ಇವಳಿಗಾಗಿ.

ಅವನಿಗೆ ಹೇಳೋಣ ಅಂತ ಓಡಿದರೆ, ಅವನು ಅಪ್ಪನ ಜೊತೆ ಪ್ರಾರ್ಥನೆಯ ಕೋಣೆಯಲ್ಲಿದ್ದ. ಬಾಗಿಲು ಹಾಕಿತ್ತು. ಬೇರೆ ಯಾರೋ ಬಂದು ನಿಲುವಂಗಿ ತಗೊಂಡು ಹೋದರು. ಹಾಡು ಶುರುವಾಯಿತು.

ಜನ ತುಂಬಿದ್ದರು. ಹಲಗೆ ಸರಿಸಿದ್ದರು. ತಾನೇ ಕೂರಿಸಿದ ಟೈಲ್‌ಗಳ ನಡುವೆ, ಸೊಂಟದ ಮಟ್ಟದ ನೀರಲ್ಲಿ ಅವನು ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು. ಅಪ್ಪ ಅವನ ಬೆನ್ನಿಗೆ ಕೈ ಕೊಟ್ಟು ಕೇಳಿದರು.

"ಯಾರ ಬಲವಂತವೂ ಇಲ್ಲದೆ, ನಿನ್ನ ಸ್ವಂತ ನಂಬಿಕೆಯಿಂದ ಬಂದಿದ್ದೀಯಾ?"

ಅವನ ತುಟಿ ಅಲುಗಿತು. ಮಾತು ಬರಲಿಲ್ಲ.

"ಬೇಡ ಅಪ್ಪಾ."

ಇಡೀ ಸಭೆ ತಿರುಗಿ ನೋಡಿತು. ಅವಳು ಎದ್ದು ನಿಂತಿದ್ದಳು.

"ಅವನನ್ನ ಮುಳುಗಿಸಬೇಡಿ. ನೀವೇ ಕಲಿಸಿದ್ದಲ್ವಾ? ಬಲವಂತದಿಂದ ಆದದ್ದು ದೀಕ್ಷಾಸ್ನಾನವೇ ಅಲ್ಲ, ಅದಕ್ಕೇ ನಾವು ಕೂಸುಗಳಿಗೆ ಮಾಡಿಸಲ್ಲ ಅಂತ? ಇವನ ಬಲವಂತ ನಾನು ಅಪ್ಪಾ. ನನ್ನ ಆಸೆ ತೋರಿಸಿ ನೀರಿಗೆ ಇಳಿಸಿದ್ದೀವಿ."

ಅಪ್ಪ ದಂಗಾಗಿ ನಿಂತರು. ಮಗಳನ್ನು ನೋಡಿದರು. ಆಮೇಲೆ ಅವನನ್ನ.

"ಹೌದೇನಪ್ಪಾ?"

"ನಂಬಿಕೆ ಇದೆ ಅಯ್ಯನವರೇ. ಚಿಕ್ಕಂದಿನಿಂದ ಇದೆ," ಅವನು ಸಣ್ಣಗೆ ಅಂದ. "ಆದರೆ ಇಲ್ಲಿಗೆ ಬಂದದ್ದು ಅದಕ್ಕಲ್ಲ. ಅವಳಿಗಾಗಿ. ದೇವರ ಮುಂದೆ ಸುಳ್ಳು ಹೇಳೋಕೆ ಬಾಯಿ ಬರ್ತಿಲ್ಲ... ಮನ್ನಿಸಿ."

ಅಪ್ಪನ ಕೈ ಅವನ ಬೆನ್ನ ಮೇಲೆ ಹಾಗೇ ಇತ್ತು.

"ಹಾಗಾದರೆ ನಾನು ಮುಳುಗಿಸೋ ಹಾಗಿಲ್ಲ. ಮೇಲೆ ಹತ್ತು," ಅಂದರು ಕಡೆಗೆ. ಅವನು ಮೆಟ್ಟಿಲಿಗೆ ಕಾಲಿಟ್ಟಾಗ ಅವನ ತೋಳು ಹಿಡಿದು ನಿಲ್ಲಿಸಿದರು. "ಹುಡುಗೀನೇ ಸಿಗದೆ ಹೋಗಬಹುದು ಅಂತ ಗೊತ್ತಿದ್ದೂ ದೇವರಿಗೆ ಸುಳ್ಳು ಹೇಳಲಿಲ್ಲ ನೀನು. ನಿನ್ನ ಕ್ರೈಸ್ತನಲ್ಲ ಅನ್ನೋಕೆ... ಈಗ ನನಗೂ ಬಾಯಿ ಬರ್ತಿಲ್ಲ. ಮದುವೆ ಮಾತು ನಾಳೆ ಆಡೋಣ. ನಿಮ್ಮಮ್ಮನ್ನೂ ಕರ್ಕೊಂಡು ಬಾ."

ಹಿಂದಿನ ಕೋಣೆಯಲ್ಲಿ ಅವನು ತೊಟ್ಟಿಕ್ಕುತ್ತಾ ಕೂತಿದ್ದ. ಅವಳು ಟವೆಲ್ ಹಿಡಿದು ಬಂದಳು. ಇಬ್ಬರಿಗೂ ನಡೆದದ್ದು ಇನ್ನೂ ನಂಬೋಕಾಗ್ತಿರಲಿಲ್ಲ.

"ಯಾಕೆ ಹೇಳಲಿಲ್ಲ ನನಗೆ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ. ನೀನು ಸಿಗದೆ ಹೋಗ್ತಿದ್ದೆ."

"ನನ್ನ ತಪ್ಪು. ಆವತ್ತು ನೀನು ಕ್ರೈಸ್ತನಲ್ಲ ಅನ್ನೋ ಹಾಗೆ ಮಾತಾಡಿದ್ದಕ್ಕೆ ಮನ್ನಿಸು." ಅವಳ ಕಣ್ಣು ತುಂಬಿತು. "ನೀನಿಲ್ಲದೆ ಇರೋಕೆ ನನಗಾಗಲ್ಲ. ಆದರೆ ನಿನ್ನ ಮನಸ್ಸು ಮುರಿದು ನಿನ್ನ ತಗೊಳ್ಳೋಕೂ ಆಗಲ್ಲ."

"ಮನೇಲಿ ಮಾತೆ ಚಿತ್ರ ಇರುತ್ತೆ."

"ಇರಲಿ. ನಾನು ಕೈ ಮುಗಿಯಲ್ಲ."

"ಬೇಡ."

ಅವಳು ಅವನ ತಲೆ ಒರೆಸುತ್ತಿದ್ದವಳು ಥಟ್ಟನೆ ನಿಲ್ಲಿಸಿದಳು. "ಅಯ್ಯೋ... ಮಕ್ಕಳಾದರೆ? ಕೂಸಿಗೇ ನೀರು ಹುಯ್ಯೋದಾ? ದೊಡ್ಡವರಾಗೋವರೆಗೆ ಕಾಯೋದಾ?"

ಅವನೂ ಕಣ್ಣು ಬಿಟ್ಟು ಅವಳನ್ನೇ ನೋಡಿದ. ಇಷ್ಟು ದಿನ ಇಬ್ಬರಿಗೂ ಅದು ಹೊಳೆದೇ ಇರಲಿಲ್ಲ.

"ಜನ್ಮವಿಡೀ ಆಡಿದರೂ ಮುಗಿಯದ ಜಗಳ ಅದು," ಅಂದಳು ಅವಳು ಕಂಗಾಲಾಗಿ.

ಅವನು ಟವೆಲಿನ ಜೊತೆಗೇ ಅವಳ ಕೈ ಹಿಡಿದುಕೊಂಡ.

"ಮುಗಿಯೋದು ಬೇಡ ಬಿಡು. ಜನ್ಮವಿಡೀ ಆಡೋಕೆ ನನಗೆ ನೀನೇ ಬೇಕು."